ಭುಜ ಒಪ್ಪುವ ರೈಫಲ್

ತಮ್ಮಾ,

ಮೊನ್ನೆ ಅಮಾವಾಸ್ಯೆಗೆ ಹಿಪ್ಪರಗಿಗೆ ಬಂದಾಗ ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತು ನೀನು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದೆ. ಅಮೆರಿಕದ ಯಾರೋ ಒಬ್ಬ ಹೆಬ್ಬೆರಳು ಗಾತ್ರದ ತೋಟಾ ತುಂಬಿ ರೈಫಲ್ ಹಾರಿಸುತ್ತಾನೆ, ನೀರು ತುಂಬಿದ ಡಬ್ಬಿಗಳೆಲ್ಲ ಚಿಂದಿ ಆಗುತ್ತವೆ. "ಮಾಮಾ, ಈ ಸಲ ಕಬ್ಬಿನ ಬಿಲ್ ಬಂದ ಮ್ಯಾಲೆ ಲೈಸೆನ್ಸಿಗೆ ಅರ್ಜಿ ಹಾಕಾವ ಅದೀನಿ. ತಗೊಂಡ್ರ ದೊಡ್ಡದ ತಗೋಬೇಕು. ಯಾವುದು ತಗೋಳ್ಳಿ ಹೇಳ್ರಿ" ಅಂದೆ. ಒಳಗೆ ನಿಮ್ಮವ್ವ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದು ನನಗೆ ಗೊತ್ತಾಯಿತು. ಅವಳ ಎದುರು ಮಾತು ಬೆಳೆಸಲು ಮನಸ್ಸಾಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಪೂರ್ತಿ ಓದಿ, ಆಮೇಲೆ ಅವಳಿಗೂ ಓದಿ ಹೇಳು.

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಆಸೆಗೆ ನಾನು ಅಡ್ಡ ಬರುವವನಲ್ಲ. ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದವನು ನಾನು. ಗುರಿ ಅಭ್ಯಾಸದ ಚಾಂದಮಾರಿಯಲ್ಲಿ ಮಲಗಿ, ಉಸಿರು ಅರ್ಧ ಬಿಟ್ಟು ಅರ್ಧ ಹಿಡಿದು, ದೂರದ ಕಪ್ಪು ಚುಕ್ಕೆಯ ಮೇಲೆ ಕಣ್ಣು ನಿಲ್ಲಿಸಿದಾಗ ಮನಸ್ಸು ಹೇಗೆ ತಿಳಿಯಾಗುತ್ತದೆ ಎಂಬುದನ್ನು ಬಲ್ಲೆ. ಆ ಸುಖ ನಿನಗೂ ಸಿಗಲಿ. ಆದರೆ "ದೊಡ್ಡದ" ಅಂದೆಯಲ್ಲ, ಆ ಒಂದು ಮಾತು ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಕಡೆ ಹುಡುಗರು ಸಂಗ್ರಾಣಿ ಕಲ್ಲು ಎತ್ತುತ್ತಾರೆ, ಚೀಲ ಹೊರುತ್ತಾರೆ, ಗರಡಿಯಲ್ಲಿ ತೊಡೆ ತಟ್ಟುತ್ತಾರೆ. ಅಲ್ಲೆಲ್ಲ ಭಾರ ಹೆಚ್ಚಾದಷ್ಟೂ ಮರ್ಯಾದೆ ಹೆಚ್ಚು. ಗುರಿ ಹೊಡೆಯುವ ಆಟದ ಲೆಕ್ಕ ಹಾಗಲ್ಲ.

ಈ ಆಟದಲ್ಲಿ ನಳಿಗೆಯ ತೂತಿನ ಅಳತೆಯ ಮೇಲೆ ಎರಡು ಪಂಗಡ. .22, ಅಂದರೆ 5.6 ಮಿಲಿಮೀಟರ್, ಅದು ಸ್ಮಾಲ್ ಬೋರ್. ಅದಕ್ಕಿಂತ ಮೇಲಿನ, ಗಟ್ಟಿ ಮದ್ದಿನ ರೈಫಲ್‌ಗಳನ್ನೆಲ್ಲ ನಮ್ಮ ದೇಶದ ಶೂಟಿಂಗ್ ಮಂದಿ ಬಿಗ್ ಬೋರ್ ಅನ್ನುತ್ತಾರೆ. ನೀನು ನೋಡಿದ ವಿಡಿಯೊದವನ ದೊಡ್ಡದು ಬೇರೆ. ಅವನದು .45-70, .375, .470 ಇಂಥ ಲೆಕ್ಕ. ಕಾಡೆಮ್ಮೆ, ಆನೆಯಂಥ ದೊಡ್ಡ ಪ್ರಾಣಿಗಳನ್ನು ಹೊಡೆಯಲು ಬಳಸಿದವು. ಕಾಗದದ ಗುರಿಗೆ ಆನೆಯ ಚರ್ಮವಿಲ್ಲ. ಮೂರು ನೂರು ಮೀಟರಿನ ಅಂತರರಾಷ್ಟ್ರೀಯ ಪಂದ್ಯದ ನಿಯಮ ಏನು ಹೇಳುತ್ತದೆ ಗೊತ್ತೇ? ಎಂಟು ಮಿಲಿಮೀಟರಿಗಿಂತ ದೊಡ್ಡ ನಳಿಗೆ ತರಬಾರದು. ಎಂಟರವರೆಗೆ ಬಿಟ್ಟಿದ್ದರೂ ಆ ಪಂದ್ಯದ ನುರಿತವರು ಹೆಚ್ಚಾಗಿ ಹಿಡಿಯುವುದು ಆರು ಮಿಲಿಮೀಟರಿನದನ್ನು. ಮುಧೋಳದ ನಾಯಿಯನ್ನು ನೋಡಿದ್ದೀಯಲ್ಲ, ಬೆನ್ನ ಮೇಲೆ ಒಂದು ಹಿಡಿ ಮಾಂಸ ಹೆಚ್ಚಿಗೆ ಇರುವುದಿಲ್ಲ. ಹಾಗೆ. ಒದೆತ ಕಡಿಮೆ, ಗುಂಡು ನೇರ, ಅರವತ್ತನೆಯ ಗುಂಡಿಗೂ ಭುಜ ಮೊದಲನೆಯ ಗುಂಡಿನಷ್ಟೇ ತಣ್ಣಗೆ.

ಇನ್ನು ನಮ್ಮಲ್ಲಿ ಏನು ಸಿಗುತ್ತದೆ ಎಂಬುದಕ್ಕೆ ಬರೋಣ. ಇಲ್ಲಿ ಸ್ವಲ್ಪ ಇತಿಹಾಸ ಹೇಳಲೇಬೇಕು. ಯಾಕೆಂದರೆ ಬಂದೂಕಿನ ಅಂಗಡಿಯಲ್ಲಿ ನಿನ್ನ ಮುಂದೆ ಇಡುವ ರೈಫಲ್‌ನ ಅಳತೆಯನ್ನು ಬೇಟೆಗಾರರು ನಿಶ್ಚಯಿಸಿದ್ದಲ್ಲ, ಸರ್ಕಾರದ ಭಯ ನಿಶ್ಚಯಿಸಿದ್ದು. ಆ ಭಯದ ಒಂದು ಎಳೆ ನಮ್ಮ ಜಿಲ್ಲೆಯಲ್ಲೇ ಇದೆ.

ಹಲಗಲಿಗೆ ನೀನು ಹೋಗಿದ್ದೀಯ. 1857ರಲ್ಲಿ ಆಯುಧಗಳನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬೇಕು ಎಂಬ ಕಾಯ್ದೆ ಬಂದಾಗ ಮುಧೋಳ ಸಂಸ್ಥಾನದ ಆ ಹಳ್ಳಿಯ ಬೇಡರು ಒಪ್ಪಲಿಲ್ಲ. ಬಂದೂಕು, ಕತ್ತಿ ಅವರ ಬದುಕು, ಅವರ ಮಾನ. ನವೆಂಬರ್ ಕೊನೆಗೆ ಇಂಗ್ಲಿಷರ ದಂಡು ಊರನ್ನು ಸುತ್ತುವರಿದು ಬೆಂಕಿ ಹಚ್ಚಿತು. ನೂರಾರು ಮಂದಿಯನ್ನು ಹಿಡಿದರು, 19 ಜನರನ್ನು ಗಲ್ಲಿಗೆ ಹಾಕಿದರು. ಆ ಕಥೆ ಲಾವಣಿಯಾಗಿ ಉಳಿಯಿತು. ಸಣ್ಣವನಿದ್ದಾಗ ಜಾತ್ರೆಯಲ್ಲಿ ಲಾವಣಿಯವರ ಬಾಯಲ್ಲಿ ಅದನ್ನು ಕೇಳಿ ನಾನು ಅತ್ತಿದ್ದೇನೆ.

ಅಂದು ಹುಟ್ಟಿದ ಅಂಜಿಕೆ ಇಂಗ್ಲಿಷರನ್ನು ಬಿಡಲಿಲ್ಲ. 1878ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಶಸ್ತ್ರ ಕಾಯ್ದೆ ತಂದರು. 1907ರ ಹೊತ್ತಿಗೆ .450 ಬೋರಿನ ರೈಫಲ್ ಇಂಡಿಯಾಕ್ಕೆ ತರುವುದನ್ನೇ ನಿಲ್ಲಿಸಿದರು. ಆ ಅಳತೆಯ ಗುಂಡು ಸಿಪಾಯಿಗಳ ಹಳೆಯ ಬಂದೂಕಿಗೂ ಆಗುತ್ತಿತ್ತು. ಬಂಡುಕೋರರ ಕೈಗೆ ಸಿಕ್ಕೀತು ಎಂಬ ಹೆದರಿಕೆ. ಆಗ ಇಂಗ್ಲೆಂಡಿನ ಬಂದೂಕು ತಯಾರಕರು ಅಳತೆಯನ್ನು ಅಷ್ಟಿಷ್ಟು ಬದಲಿಸಿ .465, .470 ಎಂದು ಹೊಸ ಹೊಸ ರೈಫಲ್ ಮಾಡಿದರು. ರಾಜ ಮಹಾರಾಜರ ಶಿಕಾರಿಯ ಪ್ರಸಿದ್ಧ ಜೋಡುನಳಿಗೆಗಳು ಎಷ್ಟೋ ಈ ನಿಷೇಧದ ಹೊಟ್ಟೆಯಲ್ಲಿ ಹುಟ್ಟಿದವು. ಸೈನ್ಯದ್ದು .303 ಆದ್ದರಿಂದ ಜನರಿಗೆ ಅದೂ ಇಲ್ಲ. ಅದರ ಬದಲಿಗೆ ಬಂದದ್ದೇ .315. ಆಸ್ಟ್ರಿಯಾ ದೇಶದ ಸೈನ್ಯದ ಹಳೆಯ ಎಂಟು ಮಿಲಿಮೀಟರ್ ತೋಟಾದ ಅಳತೆ ಅದು. ಸಿಪಾಯಿಯಿಂದ ತೋಟಾ ಕದ್ದರೂ ನಿನ್ನ ರೈಫಲ್‌ಗೆ ಹಾಕಲು ಬರಬಾರದು, ಅಷ್ಟೇ ಉದ್ದೇಶ.

ಇಂಗ್ಲಿಷರು ಹೋದರೂ ಆ ನಿಯಮದ ಬೇರು ಉಳಿಯಿತು. ನಮ್ಮದೇ 1959ರ ಶಸ್ತ್ರ ಕಾಯ್ದೆ, 2016ರ ಶಸ್ತ್ರ ನಿಯಮಗಳ ಪ್ರಕಾರ ಇವತ್ತಿಗೂ .303 ಮತ್ತು 7.62 ಸೈನ್ಯದ ತೋಟಾ ಹಾಕಿ ಹಾರಿಸಬಹುದಾದ ರೈಫಲ್ ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಅರೆ ಸ್ವಯಂಚಾಲಿತ ರೈಫಲ್ ಕೂಡ ಇಲ್ಲ. ವಿಡಿಯೊಗಳಲ್ಲಿ ಎಲ್ಲರೂ ಹೊಗಳುವ .308 ಅನ್ನುವುದು ಹೆಚ್ಚು ಕಡಿಮೆ ಆ 7.62ರ ಅಣ್ಣತಮ್ಮನೇ, ಆದ್ದರಿಂದ ಅದರ ಆಸೆ ಬಿಡು. ನಾನು ಹನ್ನೆರಡು ವರ್ಷ ಹೆಗಲಿಗೆ ಹಾಕಿಕೊಂಡ ಸೈನ್ಯದ 7.62 ರೈಫಲ್ ಎಸ್‌ಎಲ್‌ಆರ್ ನನ್ನ ಮನೆಯ ಗೋಡೆಗೆ ಬರಲಾರದು. ಅದು ಸರಿಯೇ ಇದೆ ಅನ್ನುತ್ತೇನೆ.

.30-06 ಮಾತ್ರ ಬರುತ್ತದೆ. "ಅದೂ 7.62 ಅಲ್ಲೇನ್ರಿ ಮಾಮಾ" ಎಂದು ಕೇಳುವವನು ನೀನು. ಗುಂಡಿನ ದಪ್ಪ ಅದೇ. ಆದರೆ ತೋಟಾದ ಹಿತ್ತಾಳೆಯ ಗೂಡು ಸೈನ್ಯದ್ದು 51 ಮಿಲಿಮೀಟರ್ ಉದ್ದ, ಇದರದು 63. ಅದು ಇದರಲ್ಲಿ ಕೂರುವುದಿಲ್ಲ. ಹನ್ನೆರಡು ಮಿಲಿಮೀಟರಿನ ಹಿತ್ತಾಳೆ ಕಾನೂನಿನ ಈಚೆಗೂ ಆಚೆಗೂ ಗೆರೆ ಎಳೆದಿದೆ.

ಹೊರದೇಶದಿಂದ ರೈಫಲ್ ತರಿಸುವುದು 1980ರ ದಶಕದ ಮಧ್ಯದಿಂದ ಸಾಮಾನ್ಯರಿಗೆ ಮುಚ್ಚಿದ ದಾರಿ. ಪಂದ್ಯಗಳಲ್ಲಿ ನಿಗದಿತ ಅಂಕ ಗಳಿಸಿ ಹೆಸರಾದ ಶೂಟರ್‌ಗಳಿಗೆ ಮಾತ್ರ ತೆರೆದಿದೆ. ಬೆಂಗಳೂರಿನ ಒಂದು ಕಂಪನಿ .338ರ ದೂರದ ರೈಫಲ್ ಮಾಡುತ್ತದೆ ಎಂದು ನೀನೇ ಅಭಿಮಾನದಿಂದ ಹೇಳಿದೆ. ನಿಜ, ನನಗೂ ಅಭಿಮಾನ. ಆದರೆ ಅದು ಸೈನ್ಯ, ಪೊಲೀಸರಿಗಾಗಿ ಮಾಡಿದ್ದು. ಹೀಗೆ ಒಂದೊಂದನ್ನೇ ತೆಗೆದಿಟ್ಟರೆ ನಿನ್ನ ಮುಂದೆ ಉಳಿಯುವುದು ಮೂರು. ಹೊಸ .315, .30-06, ಮತ್ತು ಯಾರದೋ ವಾಡೆಯಿಂದ ಮಾರಾಟಕ್ಕೆ ಬರುವ ಹಳೆಯ ವಿಲಾಯತಿ ರೈಫಲ್.

ಕೊನೆಯದನ್ನು ಮೊದಲು ಮುಗಿಸುತ್ತೇನೆ. ಹಳೆಯ ಜೋಡುನಳಿಗೆ ರೈಫಲ್ ಕೈಗೆ ತೆಗೆದುಕೊಂಡರೆ ಕೆಳಗಿಡಲು ಮನಸ್ಸಾಗುವುದಿಲ್ಲ. ಅದರ ಕೆತ್ತನೆ, ಆಕ್ರೋಟದ ಕಟ್ಟಿಗೆ, ತೂಕದ ಹದ. ಆದರೆ ಅದು ಹುಲಿಯೋ ಕಾಡುಕೋಣವೋ ಮೈಮೇಲೆ ಬಂದಾಗ ಕಣ್ಣು ಮಿಟುಕಿಸುವುದರೊಳಗೆ ಎರಡು ಗುಂಡು ಹಾರಿಸಲು ಮಾಡಿದ್ದು. ಎರಡು ನಳಿಗೆಯನ್ನೂ ಒಂದೇ ಬಗೆಯ ತೋಟಾಕ್ಕೆ, ಹತ್ತಿರದ ದೂರಕ್ಕೆ ಹೊಂದಿಸಿ ಬೆಸೆದಿರುತ್ತಾರೆ. ಬೇರೆ ತೋಟಾ ಹಾಕಿದರೆ ಎಡದ್ದು ಒಂದು ಕಡೆ, ಬಲದ್ದು ಇನ್ನೊಂದು ಕಡೆ. ನಾಲ್ಕಾರು ಗುಂಡಿಗೆ ನಳಿಗೆ ಕಾಯ್ದು ಗುರಿ ಸರಿಯುತ್ತದೆ. ತೋಟಾ ಹುಡುಕಿಕೊಂಡು ಹೋದರೆ ಎತ್ತಿನ ಬೆಲೆ. 1972ರ ವನ್ಯಜೀವಿ ಕಾಯ್ದೆಯ ನಂತರ ಅದರ ಕೆಲಸ ಮುಗಿಯಿತು, ಮುಗಿಯಬೇಕಾದದ್ದೇ. ಅದು ನೋಡುವ ವಸ್ತು. ದಿನವಿಡೀ ಗುರಿ ಹೊಡೆಯುವ ವಸ್ತು ಅಲ್ಲ. ವಿಡಿಯೊದಲ್ಲಿ ಕಂಡ, ಕೆಳಗಿನ ಕೊಂಡಿ ಎಳೆದು ತೋಟಾ ತುಂಬುವ ಲೀವರ್ ರೈಫಲ್ ಮಾತೂ ಅಷ್ಟೇ. ಮಲಗಿ ಹೊಡೆಯುವಾಗ ಆ ಕೊಂಡಿ ನೆಲಕ್ಕೆ ತಾಗುತ್ತದೆ. ನಮ್ಮಲ್ಲಿ ಅದು ಕಾಣಸಿಗುವುದೂ ಅಪರೂಪ.

ಹಾಗಾದರೆ ಉಳಿದದ್ದು ಬೋಲ್ಟ್ ರೈಫಲ್, .315 ಮತ್ತು .30-06 ಎರಡೂ ಅದೇ. ಕೈಯಿಂದ ಬೋಲ್ಟ್ ಎತ್ತಿ, ಹಿಂದೆಳೆದು, ಮುಂದೆ ತಳ್ಳಿ, ಕೆಳಗೊತ್ತಿ ಒಂದೊಂದೇ ಗುಂಡು. ಗುರಿ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಪ್ರತಿ ಗುಂಡಿನ ನಂತರ ಕೈ ಕೆಲಸ ಮಾಡುತ್ತದೆ, ಮನಸ್ಸಿಗೆ ಬಿಡುವು ಸಿಗುತ್ತದೆ, ಹಿಂದಿನ ಗುಂಡು ಎಲ್ಲಿ ತಪ್ಪಿತು ಎಂದು ಯೋಚಿಸಲು ಸಮಯವಾಗುತ್ತದೆ. ಬೋಲ್ಟ್ ತೆಗೆದಿಟ್ಟರೆ ನಳಿಗೆಯ ಈ ತುದಿಯಿಂದ ಆ ತುದಿ ಕಾಣುತ್ತದೆ. ಖಾಲಿ ಇದೆಯೋ ಇಲ್ಲವೋ ಎಂಬ ಅನುಮಾನವೇ ಬೇಡ.

.315 ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯಿಂದ ದೇಶಕ್ಕೆಲ್ಲ ಹೋದ ರೈಫಲ್. ಒಕ್ಕಲಿಗರ ಮನೆ, ಬ್ಯಾಂಕಿನ ಬಾಗಿಲು, ಎಲ್ಲಿ ನೋಡಿದರೂ ಅದೇ. ಗಟ್ಟಿ, ಸರಳ, ತೋಟಾ ನಮ್ಮ ಪುಣೆ ಹತ್ತಿರದ ಖಡಕಿಯಲ್ಲೇ ತಯಾರಾಗುವುದರಿಂದ ಹುಡುಕಾಡುವ ಕಷ್ಟ ಕಡಿಮೆ. ಆದರೆ ಅದು ನಾಜೂಕಿನದಲ್ಲ. ಟ್ರಿಗರ್ ಬಿಗಿ, ಸೈಟ್ ಒರಟು, ಗುಂಡು ದಪ್ಪ ಮತ್ತು ನಿಧಾನ. ನೂರು ಮೀಟರಿಗೆ ಸರಿಮಾಡಿಕೊಂಡು ಮುನ್ನೂರು ಮೀಟರಿನಲ್ಲಿ ಹೊಡೆದರೆ ಗುಂಡು ಎಷ್ಟೋ ಕೆಳಗೆ ಬೀಳುತ್ತದೆ. .30-06 ಕೂಡ ಆ ದೂರದಲ್ಲಿ ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. .315 ಅದರ ಎರಡು ಪಟ್ಟಿಗೂ ಮೀರಿ. ಮುನ್ನೂರು ಮೀಟರ್ ಪಂದ್ಯದ ಕಾಗದದಲ್ಲಿ ಹತ್ತಂಕದ ವೃತ್ತ ಎಷ್ಟು ಗೊತ್ತೇ? ಅಡ್ಡಳತೆ ಹತ್ತು ಸೆಂಟಿಮೀಟರ್. ನಿಮ್ಮವ್ವ ಊಟಕ್ಕೆ ಇಡುವ ಚಟ್ನಿ ಬಟ್ಟಲು.

.30-06 ಅಮೆರಿಕ 1906ರಲ್ಲಿ ತನ್ನ ಸೈನ್ಯಕ್ಕೆ ಮಾಡಿಕೊಂಡ ತೋಟಾ, ಹೆಸರಿನ ಕೊನೆಯ ಎರಡಂಕಿ ಆ ವರ್ಷದ್ದೇ. ನೂರು ವರ್ಷ ದಾಟಿದರೂ ಅದರ ನೇರನಡೆಗೆ ಎದುರಿಲ್ಲ. ಇದನ್ನೂ ಇಶಾಪುರದಲ್ಲಿ ಮಾಡಿದ್ದಾರೆ. ದುರ್ಬೀನು ಕೂರಿಸಿಕೊಂಡರೆ ದೂರದ ಗುರಿಗೆ ಒಳ್ಳೆಯದು. ಆದರೆ ತೋಟಾ ದುಬಾರಿ, ಯಾವಾಗ ಬೇಕೆಂದರೆ ಆವಾಗ ಸಿಗುವುದಿಲ್ಲ. ಒದೆತವೂ ಜೋರು.

ನನ್ನ ತೀರ್ಪು ಇಷ್ಟು. ನೂರು ಮೀಟರಿನ ಒಳಗೆ, ತಿಂಗಳಿಗೊಮ್ಮೆ, ಇಪ್ಪತ್ತು ಗುಂಡಿನ ಖುಷಿ ನಿನಗೆ ಸಾಕಾದರೆ .315 ತೆಗೆದುಕೊ, ಯಾರ ಮಾತೂ ಕೇಳಬೇಡ. ಮುನ್ನೂರು ಮೀಟರಿನ ಕನಸಿದ್ದರೆ .30-06ಕ್ಕೆ ಕಾದು, ಚೆನ್ನಾಗಿ ನೋಡಿ, ನಳಿಗೆಯ ಒಳಗೆ ಬೆಳಕು ಹಿಡಿದು ಗೆರೆಗಳು ಸವೆದಿಲ್ಲವೆಂದು ಖಾತ್ರಿ ಮಾಡಿಕೊಂಡು ತೆಗೆದುಕೊ. .375, .470 ಇವುಗಳ ಹೆಸರು ಎತ್ತಲೇಬೇಡ. ಆದರೆ .315, .30-06 ಈ ಎರಡರಲ್ಲಿ ಯಾವುದನ್ನೂ ಈ ವರ್ಷ ತೆಗೆದುಕೊಳ್ಳಬೇಡ. ಯಾಕೆಂದು ಹೇಳುತ್ತೇನೆ. ಈ ಕಾಗದ ಬರೆಯಲು ಕೂತದ್ದೇ ಇದಕ್ಕಾಗಿ.

ನಿವೃತ್ತಿಯಾದ ಮೇಲೆ ಒಮ್ಮೆ ಗೆಳೆಯನೊಬ್ಬ .375 ಹಾರಿಸಲು ಕೊಟ್ಟ. ಸಾವಿರಾರು ಗುಂಡು ಹಾರಿಸಿದ ಭುಜ ನನ್ನದು, ನನಗೇನು ಎಂದು ಕುಳಿತು ಹೊಡೆದೆ. ಅದರ ಒದೆತ .30-06ರ ಹೆಚ್ಚು ಕಡಿಮೆ ಎರಡು ಪಟ್ಟು. ಮೊದಲ ಗುಂಡು ನಡುವಿಗೆ ಬಿತ್ತು. ಎರಡನೆಯದು ಕೆಳಗೆ. ಐದನೆಯದು ಕಾಗದದಲ್ಲೇ ಇಲ್ಲ. ಮರುದಿನ ಭುಜ ಕಪ್ಪಾಗಿತ್ತು, ಅದು ವಾರದಲ್ಲಿ ಹೋಯಿತು. ಹೋಗದೆ ಉಳಿದದ್ದು ಇನ್ನೊಂದು. ಮುಂದಿನ ತಿಂಗಳು .22 ಹಿಡಿದರೂ, ಅದಕ್ಕೆ ಒದೆತವೇ ಇಲ್ಲವೆಂದು ಗೊತ್ತಿದ್ದರೂ, ಟ್ರಿಗರ್ ಒತ್ತುವ ಗಳಿಗೆಗೆ ಸರಿಯಾಗಿ ನನ್ನ ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಬೆರಳು ಜಗ್ಗುತ್ತಿತ್ತು. ಮೈ ಬೆಚ್ಚಲು ಕಲಿತುಬಿಟ್ಟಿತ್ತು. ಅದನ್ನು ಬಿಡಿಸಲು ನನಗೆ ಆರು ತಿಂಗಳು ಹಿಡಿಯಿತು.

ಬೆಚ್ಚುವುದು ಅಂಜುಬುರುಕತನ ಎಂದು ತಿಳಿಯಬೇಡ. ಒಮ್ಮೆ ಒದ್ದ ಎಮ್ಮೆಯ ಬಳಿ ಕೂತರೆ ಕೈ ತಾನೇ ಹಿಂದೆ ಸರಿಯುವುದಿಲ್ಲವೇ, ಹಾಗೆ ಅದು ಮೈಯ ಬುದ್ಧಿ. ಮನಸ್ಸಿನ ಮಾತು ಕೇಳುವುದಿಲ್ಲ. ತಾನು ಬೆಚ್ಚುತ್ತಿದ್ದೇನೆ ಎಂಬುದು ಹೊಡೆಯುವವನಿಗೆ ತಿಳಿಯುವುದೂ ಇಲ್ಲ, ಯಾಕೆಂದರೆ ಸದ್ದು ಮತ್ತು ಒದೆತ ಅದನ್ನು ಮುಚ್ಚಿಹಾಕುತ್ತವೆ. ಕಂಡುಹಿಡಿಯಲು ಒಂದೇ ಉಪಾಯ. ನಿನಗೆ ಗೊತ್ತಾಗದಂತೆ ಇನ್ನೊಬ್ಬರು ಐದು ತೋಟಾದ ನಡುವೆ ಮದ್ದಿಲ್ಲದ ಅಭ್ಯಾಸದ ಒಂದು ತೋಟಾ ಸೇರಿಸಿ ಕೊಡಬೇಕು. ಆ ತೋಟಾದ ಸರದಿ ಬಂದಾಗ ಬರೀ ಟಕ್ ಅನ್ನುತ್ತದೆ. ನಳಿಗೆಯ ತುದಿ ಅಲ್ಲಾಡದಿದ್ದರೆ ಆ ರೈಫಲ್ ನಿನ್ನದು. ತುದಿ ಕೆಳಗೆ ಕುಕ್ಕಿದರೆ ಅದು ನಿನಗಿನ್ನೂ ದೊಡ್ಡದು. ಅಂಗಡಿಯವನ ಮಾತಿಗಿಂತ, ಪುಸ್ತಕಕ್ಕಿಂತ, ನನ್ನ ಮಾತಿಗಿಂತ ಆ ಟಕ್ ಸದ್ದು ನಂಬಿಕೆಯದ್ದು. ಕಲ್ಲು ಎತ್ತುವ ನಿನ್ನ ತೋಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ತೂಕದ ಆಳುಗಳೂ ಕುಕ್ಕಿದ್ದನ್ನು ಕಂಡಿದ್ದೇನೆ, ಎನ್‌ಸಿಸಿಯ ತೆಳ್ಳನೆಯ ಹುಡುಗಿಯರು ಕಲ್ಲಿನಂತೆ ನಿಂತದ್ದನ್ನೂ ಕಂಡಿದ್ದೇನೆ.

ಆದ್ದರಿಂದ ಮೊದಲು .22. ಅದಕ್ಕೂ ಮೊದಲು ಗಾಳಿ ರೈಫಲ್ ಆದರೂ ಸರಿ. 4.5 ಮಿಲಿಮೀಟರಿನ, ಇಪ್ಪತ್ತು ಜೂಲ್ ಒಳಗಿನ ಗಾಳಿ ರೈಫಲ್‌ಗೆ ಲೈಸೆನ್ಸೇ ಬೇಡ. .22ರ ಗುಂಡಿನ ಶಕ್ತಿ ಸುಮಾರು 140 ಜೂಲ್. .30-06ರದು 3,800ರ ಆಸುಪಾಸು. ಇಪ್ಪತ್ತೈದು ಪಟ್ಟಿಗೂ ಹೆಚ್ಚು. ಮೊದಲ ಮೆಟ್ಟಿಲು ಬಿಟ್ಟು ಇಪ್ಪತ್ತೈದನೆಯದಕ್ಕೆ ಹಾರಬೇಡ ಅನ್ನುವುದು ಇದಕ್ಕೇ. .22 ಅಂದರೆ ಹುಡುಗರ ಆಟ ಎಂದು ನಿನ್ನ ಗೆಳೆಯರು ಮೂಗು ಮುರಿದರೆ ಅವರಿಗೆ ಕೊಲ್ಲಾಪುರದ ಕಡೆ ಬೆರಳು ತೋರಿಸು. ನಮ್ಮೂರ ಮಂದಿ ಜ್ಯೋತಿಬಾನಿಗೆ, ಅಂಬಾಬಾಯಿಗೆ ಹೋಗುವ ಅದೇ ಕೊಲ್ಲಾಪುರ. ಅಲ್ಲಿಯ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ ಐವತ್ತು ಮೀಟರ್ ಮಲಗಿ ಹೊಡೆಯುವ ಪಂದ್ಯದಲ್ಲಿ ಜಗತ್ತಿಗೇ ಮೊದಲಿಗರಾದರು. ಅದೇ ಜಿಲ್ಲೆಯ ಕಾಂಬಳವಾಡಿ ಎಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆ 2024ರ ಆಗಸ್ಟ್ 1ರಂದು ಒಲಿಂಪಿಕ್ಸಿನಲ್ಲಿ ಕಂಚು ಗೆದ್ದರು, 451.4 ಅಂಕ. ಇಬ್ಬರ ಕೈಯಲ್ಲಿ ಇದ್ದದ್ದೂ .22. ಆ ಐವತ್ತು ಮೀಟರಿನ ಪಂದ್ಯಗಳ ಹತ್ತಂಕದ ವೃತ್ತ 10.4 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಮುನ್ನೂರು ಮೀಟರಿನ ದೊಡ್ಡ ರೈಫಲ್ ಪಂದ್ಯವೋ, 1972ರ ಮ್ಯೂನಿಕ್‌ನ ನಂತರ ಒಲಿಂಪಿಕ್ಸಿನಲ್ಲೇ ಇಲ್ಲ.

ಸೈನ್ಯ ಕೂಡ .303 ಬಿಟ್ಟು 7.62ಕ್ಕೆ, ಅದನ್ನು ಬಿಟ್ಟು 5.56ಕ್ಕೆ ಇಳಿಯಿತು. ಈಚೆಗೆ ಮತ್ತೆ ಕೆಲವು ಕಡೆ 7.62 ಬಂದಿದೆ, ಅದರ ಕಾರಣ ಯುದ್ಧದ್ದು, ಗುರಿಯ ಆಟದ್ದಲ್ಲ.

ಇನ್ನು ಹಾರಿಸುವುದು ಎಲ್ಲಿ? "ಹೊಳಿ ದಂಡಿ ಅದಲ್ರಿ, ಯಾರೂ ಇರಂಗಿಲ್ಲ" ಎಂದು ನೀನು ಹೇಳಿದ್ದಕ್ಕೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. .30-06ರ ಗುಂಡು ಮೇಲ್ಮುಖವಾಗಿ ಹೋದರೆ ನಾಲ್ಕೈದು ಕಿಲೋಮೀಟರ್ ಹಾರುತ್ತದೆ. ಸಣ್ಣದು ಎನ್ನುವ .22 ಕೂಡ ಒಂದೂವರೆ ಕಿಲೋಮೀಟರ್ ದಾಟುತ್ತದೆ. ನಮ್ಮದು ಬಟ್ಟಬಯಲು. ಗುಡ್ಡದ ಅಡ್ಡವಿಲ್ಲ. ಕಬ್ಬು ನಿಂತಾಗ ಅದರೊಳಗೆ ಕಟಾವಿನ ಗ್ಯಾಂಗಿನ ಹೆಣ್ಣುಮಕ್ಕಳು, ಮಕ್ಕಳು ಇರುತ್ತಾರೆ, ಹೊರಗಿಂದ ಒಬ್ಬರೂ ಕಾಣುವುದಿಲ್ಲ. ನಮ್ಮ ಹೊಳೆಯ ಬ್ಯಾರೇಜಿನ ಹಿನ್ನೀರಿನ ಮೇಲೆ ಹೊಡೆದರೆ ಗುಂಡು ಮುಳುಗುತ್ತದೆ ಎಂದು ತಿಳಿಯಬೇಡ. ಓರೆಯಾಗಿ ಬಿದ್ದ ಗುಂಡು ನಾವು ಚಿಕ್ಕಂದಿನಲ್ಲಿ ಎಸೆಯುತ್ತಿದ್ದ ಚಪ್ಪಟೆ ಬಿಲ್ಲೆಗಲ್ಲಿನಂತೆ ನೀರಿನಿಂದ ಪುಟಿದು ಆಚೆ ದಂಡೆಗೆ ಹೋಗುತ್ತದೆ. ಆಚೆ ದಂಡೆಯಲ್ಲಿ ಊರಿದೆ, ಮೀನುಗಾರರ ತೆಪ್ಪವಿದೆ. ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರುವ, ಅನುಮತಿ ಇರುವ ರೇಂಜ್ ಬಿಟ್ಟು ಬೇರೆ ಎಲ್ಲಿಯೂ ನಿನ್ನ ಬೆರಳು ಟ್ರಿಗರ್ ಮುಟ್ಟಬಾರದು. ಇದರಲ್ಲಿ ನನ್ನಿಂದ ರಿಯಾಯಿತಿ ಇಲ್ಲ.

ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ, ಬನ್ನಿ ಮುಡಿಯುವ ದಿನ ಆಕಾಶಕ್ಕೆ ಹಾರಿಸುವುದೂ ಹಾಗೆಯೇ. ಶಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಿಂದ ಅದು ಅಪರಾಧ. ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮೇಲೆ ಹೋದದ್ದು ಯಾರದೋ ಅಂಗಳಕ್ಕೆ ಇಳಿಯುತ್ತದೆ ತಮ್ಮಾ. ಕೊಡಗಿನಲ್ಲಿ ಕೊಡವರು ಕೈಲ್‌ಪೊಳ್ದು ಹಬ್ಬಕ್ಕೆ ಕೋವಿಯನ್ನು ಪೂಜಿಸಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಅವರಿಗೆ ಶಸ್ತ್ರ ಕಾಯ್ದೆಯ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಆದರೂ ಅಲ್ಲಿ ಸರದಿ ಇದೆ, ಗೆರೆ ಇದೆ, ಹಿರಿಯರ ಕಣ್ಣಿದೆ. ನಿನಗೆ ಮನಸ್ಸಿದ್ದರೆ ಒಮ್ಮೆ ಕರೆದುಕೊಂಡು ಹೋಗುತ್ತೇನೆ, ಬಂದೂಕಿನ ಜೊತೆ ಒಂದು ಸಮಾಜ ಹೇಗೆ ಬಾಳುತ್ತದೆ ನೋಡು.

ಲೈಸೆನ್ಸಿನ ದಾರಿ ಉದ್ದದ್ದು, ಬೇಸರಿಸಬೇಡ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಮೊದಲು ಸೇರಿಕೊ. ಸುರಕ್ಷತೆಯ ತರಬೇತಿ ಪಡೆದ ಪ್ರಮಾಣಪತ್ರ ಅರ್ಜಿಗೂ ಬೇಕು. ಅಲ್ಲಿ ಹಿಡಿಯುವುದನ್ನು, ಖಾಲಿ ಮಾಡುವುದನ್ನು, ನಳಿಗೆಯ ಬಾಯಿ ಯಾವ ಕಡೆ ಇರಬೇಕು ಎಂಬುದನ್ನು ಶಿಸ್ತಿನಿಂದ ಕಲಿಸುತ್ತಾರೆ. ನಂತರ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ, ಪೊಲೀಸರ ವಿಚಾರಣೆ. ಲೈಸೆನ್ಸ್ ಈಗ ಐದು ವರ್ಷಕ್ಕೆ. ಒಬ್ಬನ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ, ಅಜ್ಜನಿಂದ ಬಂದದ್ದೂ ಆ ಲೆಕ್ಕದಲ್ಲೇ ಸೇರುತ್ತದೆ. ನಿಮ್ಮಜ್ಜನ ಹನ್ನೆರಡು ಬೋರಿನ ಬಂದೂಕು ನಾಳೆ ನಿನ್ನ ಹೆಸರಿಗೆ ಬಂದರೆ ಉಳಿಯುವುದು ಒಂದೇ ಜಾಗ. ಆ ಒಂದು ಜಾಗವನ್ನು ವಿಡಿಯೊ ನೋಡಿ ತುಂಬಬೇಡ ಎಂದೇ ಇಷ್ಟೆಲ್ಲ ಹೇಳುವುದು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕು. ಒಪ್ಪಿಸುವ ಹಿಂದಿನ ದಿನ ನಳಿಗೆ ಒರೆಸಿ ದಪ್ಪಗೆ ಎಣ್ಣೆ ಹಚ್ಚು. ನಾನೊಮ್ಮೆ ಹಚ್ಚದೆ ಕೊಟ್ಟು ತುಕ್ಕು ತಿಂದದ್ದನ್ನು ಮರಳಿ ತಂದಿದ್ದೇನೆ, ತಪ್ಪು ನನ್ನದೇ.

ಮನೆಯಲ್ಲಿ ಬೀಗದ ಕಬ್ಬಿಣದ ಪೆಟ್ಟಿಗೆ ಬೇಕು. ಬೋಲ್ಟ್ ಒಂದು ಕಡೆ, ತೋಟಾ ಇನ್ನೊಂದು ಕಡೆ, ಕೀಲಿಕೈ ನಿನ್ನ ಉಡದಾರದಲ್ಲಿ. ಇನ್ನೊಂದು ಮಾತು ನಮ್ಮ ಹೊಳೆಸಾಲಿನವರಿಗೆ ಮಾತ್ರ ಹೊಳೆಯುವಂಥದ್ದು. 2019ರ ಆಗಸ್ಟಿನ ಮಹಾಪೂರದಲ್ಲಿ ರಾತ್ರೋರಾತ್ರಿ ದನಕರು ಬಿಚ್ಚಿಕೊಂಡು ಹೊರಟೆವಲ್ಲ, ಅಂಥ ಹೊತ್ತಿನಲ್ಲಿ ಬಂದೂಕಿರುವವನು ಅದನ್ನು ಬಿಟ್ಟು ಹೋಗುವಂತಿಲ್ಲ, ನೂರಾರು ಮಂದಿ ಮಲಗುವ ಗಂಜಿ ಕೇಂದ್ರಕ್ಕೆ ತರುವಂತೆಯೂ ಇಲ್ಲ. ನೀರು ಏರುವ ಸುದ್ದಿ ಬಂದ ಕೂಡಲೇ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ಆ ಹೊರೆ ಹೊರಲು ತಯಾರಿದ್ದರೆ ಮಾತ್ರ ಅರ್ಜಿ ಹಾಕು.

ಕಿವಿಯ ವಿಷಯ ಬಿಟ್ಟೆನೆಂದರೆ ನಿಮ್ಮವ್ವ ನನ್ನನ್ನು ಬಿಡುವುದಿಲ್ಲ. ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗದ ಮೇಲೆ ಮೂವತ್ತು ವರ್ಷ ದುಡಿದವರ ಜೊತೆ ಮಾತಾಡಿದರೆ ನಾವು ಎರಡೆರಡು ಸಲ ಹೇಳಬೇಕಾಗುತ್ತದೆ. ಮಗ್ಗ ಮೂವತ್ತು ವರ್ಷಕ್ಕೆ ಮಾಡುವ ಗಾಯವನ್ನು ದೊಡ್ಡ ರೈಫಲ್ ಒಂದು ಮಧ್ಯಾಹ್ನದಲ್ಲಿ ಮಾಡೀತು. ಅದರ ಸದ್ದು 160 ಡೆಸಿಬೆಲ್ ಸುತ್ತ ಇರುತ್ತದೆ, 140ಕ್ಕೇ ಕಿವಿಗೆ ಏಟು. ಒಳಗೆ ಬೆಂಡು, ಮೇಲೆ ಕವಚ, ಎರಡೂ ಹಾಕಿಕೊ. ನನ್ನ ಬಲಗಿವಿಯಲ್ಲಿ ರಾತ್ರಿ ಕೀಟ ಹಾಡಿದಂತೆ ಒಂದು ಸದ್ದು ಇಪ್ಪತ್ತು ವರ್ಷದಿಂದ ಇದೆ. ನಮ್ಮ ಕಾಲದಲ್ಲಿ ಹತ್ತಿ ಇಟ್ಟುಕೊಂಡರೆ ಅದೇ ದೊಡ್ಡದು.

ಬರುವ ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಬಾ. ನನ್ನ ಗಾಳಿ ರೈಫಲ್ ತೆಗೆದು ಒರೆಸಿ ಇಟ್ಟಿದ್ದೇನೆ. ಹಿತ್ತಲಲ್ಲಿ ಗುಂಡಿಲ್ಲದೆ ಮಲಗಿ ಹಿಡಿಯುವ ಅಭ್ಯಾಸ ಮಾಡೋಣ. ನಳಿಗೆಯ ತುದಿಯ ಮೇಲೆ ಒಂದು ರೂಪಾಯಿ ನಾಣ್ಯ ಇಡುತ್ತೇನೆ, ನೀನು ಟ್ರಿಗರ್ ಒತ್ತಬೇಕು, ನಾಣ್ಯ ಬೀಳಬಾರದು. ಸತತ ಇಪ್ಪತ್ತು ಸಲ ಅದು ನಿಂತ ದಿನ ಇಬ್ಬರೂ ಕೂಡಿ ಬಾಗಲಕೋಟೆಗೆ ಹೋಗಿ ತರಬೇತಿಗೆ ಹೆಸರು ಹಚ್ಚಿ ಬರೋಣ. ಬರುವಾಗ ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬಾ. ನಿಮ್ಮವ್ವನನ್ನೂ ಕರೆದುಕೊಂಡು ಬಾ, ನಾಣ್ಯ ಎಷ್ಟು ಸಲ ಬಿತ್ತು ಎಂದು ಅವಳೇ ಎಣಿಸಲಿ.

ನಿನ್ನ ಮಾಮಾ